ಬೇಸಿಗೆಯ ಹೊಳೆಗೆ ಉಪ್ಪು ಬೇಕು

ಈಗಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ 1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪಗಳು ಹತ್ತಿದವು. ಅಲ್ಲಿಂದ ನಗರ್ತಪೇಟೆಗೆ ಕೆಲವೇ ನಿಮಿಷದ ನಡಿಗೆ. ಆ ಬೆಳಕು ಶಿವನಸಮುದ್ರದ ಕಾವೇರಿಯದು. ಊರು ಬೆಳೆದ ಹಾಗೆ ಕಾವೇರಿಯ ಕರೆಂಟು ಸಾಲದಾಯಿತು. 1948ರಲ್ಲಿ ಶರಾವತಿಯ ಮೇಲೆ ಜೋಗದ ವಿದ್ಯುದಾಗಾರ ಶುರುವಾಯಿತು, 1964ರಲ್ಲಿ ಅದೇ ಹೊಳೆಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದುನಿಂತಿತು. ಪೇಟೆಯ ಓಣಿಗಳಲ್ಲಿ ಚಿನ್ನ-ಬೆಳ್ಳಿ ಕೆಲಸದವರ ದೀಪ, ಮಗ್ಗದ ಮೋಟಾರು, ಅಡುಗೆಮನೆಯ ಮಿಕ್ಸಿ ಎಲ್ಲಕ್ಕೂ ಶರಾವತಿಯ ಪಾಲು ಸೇರತೊಡಗಿದ್ದು ಆಮೇಲೆ.

ಒಂದು ಯೂನಿಟ್ ವಿದ್ಯುತ್ತಿಗೆ ಶರಾವತಿಯ ಎಷ್ಟು ನೀರು ಬೇಕು? ಲೆಕ್ಕ ಕಷ್ಟದ್ದಲ್ಲ. ಶರಾವತಿ ವಿದ್ಯುದಾಗಾರದಲ್ಲಿ ನೀರು ಸುಮಾರು 440 ಮೀಟರ್ ಕೆಳಕ್ಕೆ ಧುಮುಕುತ್ತದೆ. ಒಂದು ಘನಮೀಟರ್, ಅಂದರೆ ಸಾವಿರ ಲೀಟರ್ ನೀರು ಅಷ್ಟು ಎತ್ತರದಿಂದ ಇಳಿದರೆ, ಯಂತ್ರದ ಘರ್ಷಣೆಯ ನಷ್ಟ ಕಳೆದು, ಹೆಚ್ಚುಕಡಿಮೆ ಒಂದು ಯೂನಿಟ್ ಸಿಗುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಸಿಗುವ ಗರಿಷ್ಠ 200 ಯೂನಿಟ್ಟನ್ನು ಶರಾವತಿಯಿಂದಲೇ ತೆಗೆಯುವುದಾದರೆ ತಿಂಗಳಿಗೆ ಎರಡು ಲಕ್ಷ ಲೀಟರ್ ನೀರು ಘಟ್ಟ ಇಳಿಯಬೇಕು. ಬೆಂಗಳೂರಿನವರಿಗೆ ಅರ್ಥವಾಗುವ ಅಳತೆಯಲ್ಲಿ ಹೇಳುವುದಾದರೆ, 12 ಸಾವಿರ ಲೀಟರಿನ ಸುಮಾರು ಹದಿನೇಳು ಟ್ಯಾಂಕರ್. ನಿಜದಲ್ಲಿ ನಮ್ಮ ಮನೆಗೆ ಬರುವ ಕರೆಂಟಿನಲ್ಲಿ ಕಲ್ಲಿದ್ದಲು, ಗಾಳಿ, ಬಿಸಿಲು, ಅಣುಶಕ್ತಿ ಎಲ್ಲ ಬೆರೆತಿರುತ್ತವೆ. ಯಾವ ಯೂನಿಟ್ ಎಲ್ಲಿಯದೆಂದು ಯಾರೂ ಬೇರ್ಪಡಿಸಲಾರರು. ಲೆಕ್ಕ ಗಾತ್ರದ ಅಂದಾಜಿಗೆ ಮಾತ್ರ.

ಜಲವಿದ್ಯುತ್ತಿನಲ್ಲಿ ನೀರು ಖರ್ಚಾಗುವುದಿಲ್ಲ ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಅದು ಸರಿ. ಬಿದ್ದ ನೀರು ಬಿದ್ದಷ್ಟೇ ಇರುತ್ತದೆ, ಹೊಳೆಗೆ ಸೇರುತ್ತದೆ, ಸಮುದ್ರಕ್ಕೆ ಹೋಗುತ್ತದೆ. ಬದಲಾಗುವುದು ಅದು ಹರಿಯುವ ಕಾಲ. ಮಳೆಗಾಲದಲ್ಲಿ ಹೋಗಬೇಕಿದ್ದ ನೀರು ಮಾರ್ಚಿನಲ್ಲಿ ಹೋಗುತ್ತದೆ. ಶರಾವತಿ ಕಡಲು ಸೇರುವ ಹೊನ್ನಾವರದ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಿದ್ದವರ ಬುಟ್ಟಿ ಬರಿದಾಗಲು ಈ ಕಾಲದ ಬದಲಾವಣೆ ಸಾಕಾಯಿತು.

ಉತ್ತರ ಕನ್ನಡದಲ್ಲಿ ನಾಲ್ಕು ದೊಡ್ಡ ಹೊಳೆಗಳು ಒಂದರ ಪಕ್ಕ ಒಂದು ಸಮುದ್ರ ಸೇರುತ್ತವೆ. ಉತ್ತರದಿಂದ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲುಸಾಲು ಅಣೆಕಟ್ಟುಗಳಿವೆ. ಶರಾವತಿಗೆ ಲಿಂಗನಮಕ್ಕಿ, ತಳಕಳಲೆ, ಗೇರುಸೊಪ್ಪೆ. ನಡುವಿನ ಎರಡು ಹೊಳೆಗಳಿಗೆ ದೊಡ್ಡ ಅಣೆಕಟ್ಟಿಲ್ಲ. ಅಂದರೆ ಒಂದೇ ಘಟ್ಟ, ಒಂದೇ ಮಳೆ, ಒಂದೇ ಕಡಲು. ಎರಡು ಹೊಳೆಗೆ ಕಟ್ಟೆ, ಎರಡಕ್ಕೆ ಇಲ್ಲ. ಪ್ರಯೋಗಾಲಯದಲ್ಲಿ ಕುಳಿತು ವಿಜ್ಞಾನಿಗಳು ಹಂಬಲಿಸುವಂಥ ಹೋಲಿಕೆ ಇಲ್ಲಿ ಬಯಲಲ್ಲಿ ಬಿದ್ದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಶ್ಚಂದ್ರನ್ ಮತ್ತು ಅವರ ಸಂಗಡಿಗರು ಈ ಹೊಳೆಗಳನ್ನು ವರ್ಷಗಟ್ಟಲೆ ಅಳೆದಿದ್ದಾರೆ.

ಮೊದಲು ಉಪ್ಪಿನ ವಿಷಯ. ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹತ್ತು ಲೀಟರ್ ಬಕೆಟ್ಟಿನಲ್ಲಿ ಮುನ್ನೂರೈವತ್ತು ಗ್ರಾಂ ಅಂದುಕೊಳ್ಳಿ. ಘಟ್ಟದಿಂದ ಬರುವ ಹೊಳೆಯ ನೀರಿನಲ್ಲಿ ಅದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಹಾಗಾಗಿ ಅಳಿವೆಯ ಯಾವುದೇ ಜಾಗದ ಉಪ್ಪನ್ನು ಅಳೆದರೆ ಅಲ್ಲಿ ಕಡಲೆಷ್ಟು, ಹೊಳೆಯೆಷ್ಟು ಎಂಬುದು ತಾನಾಗಿ ಗೊತ್ತಾಗುತ್ತದೆ. 35 ಇದ್ದರೆ ಪೂರ್ತಿ ಕಡಲು. ಹದಿನೇಳೂವರೆ ಇದ್ದರೆ ಅರ್ಧರ್ಧ. 7 ಬಂದರೆ ಐದರಲ್ಲಿ ನಾಲ್ಕು ಪಾಲು ಹೊಳೆಯ ನೀರು. ನದೀಮುಖದ ವಿಜ್ಞಾನದಲ್ಲಿ ಇಷ್ಟು ಸರಳವಾದ, ಇಷ್ಟು ನಂಬಬಹುದಾದ ಇನ್ನೊಂದು ಅಳತೆ ಇಲ್ಲ. ಉಪ್ಪು ಆವಿಯಾಗುವುದಿಲ್ಲ, ಕೊಳೆಯುವುದಿಲ್ಲ, ಯಾವ ಜೀವಿಯೂ ಅದನ್ನು ತಿಂದು ಮುಗಿಸುವುದಿಲ್ಲ.

ಈಗ ಒಂದು ಹನಿ ನೀರನ್ನು ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದರೆ ಉಪ್ಪಿನ ಅಂಕಿ ಕಾಣುತ್ತದೆ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆಂದು ನೋಡಿಯೂ ಹೇಳಬಹುದು. ಹಳೆಯ ವಿಧಾನಕ್ಕೆ ಬೆಳ್ಳಿ ಬೇಕಿತ್ತು. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಸಿಲ್ವರ್ ನೈಟ್ರೇಟ್ ಸಿಗುತ್ತದೆ. ನಗರ್ತಪೇಟೆಯಲ್ಲಿ ಬೆಳ್ಳಿ ಶುದ್ಧ ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ದ್ರಾವಣವನ್ನು ಉಪ್ಪುನೀರಿಗೆ ಹನಿಹನಿಯಾಗಿ ಬಿಟ್ಟರೆ ಮೊಸರಿನಂಥ ಬಿಳಿ ಗಷ್ಟು ಇಳಿಯುತ್ತದೆ. ಉಪ್ಪಿನ ಕ್ಲೋರೈಡೆಲ್ಲ ಬೆಳ್ಳಿಗೆ ಅಂಟಿ ಮುಗಿದ ಕ್ಷಣ, ಜೊತೆಗೆ ಹಾಕಿದ್ದ ಪೊಟ್ಯಾಸಿಯಂ ಕ್ರೋಮೇಟ್ ಕೆಂಪಗಾಗುತ್ತದೆ. ಎಷ್ಟು ಬೆಳ್ಳಿ ಹೋಯಿತೋ ಅಷ್ಟು ಉಪ್ಪು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಲೋಕದ ಕಡಲುಗಳನ್ನೆಲ್ಲ ಹೀಗೆ ಬೆಳ್ಳಿ ಸುರಿದೇ ಅಳೆದರು.

ಉಪ್ಪುನೀರು ಭಾರ. ಒಂದು ಘನಮೀಟರ್ ಸಿಹಿನೀರು ಸಾವಿರ ಕಿಲೋ ತೂಗಿದರೆ ಕಡಲ ನೀರು ಸುಮಾರು 1,025 ಕಿಲೋ. ವ್ಯತ್ಯಾಸ ನೂರಕ್ಕೆ ಎರಡೂವರೆ ಅಷ್ಟೇ, ಆದರೆ ಹೊಳೆಯ ಸ್ವಭಾವವನ್ನೇ ಅದು ತೀರ್ಮಾನಿಸುತ್ತದೆ. ಕಡಲ ನೀರು ತಳಹಿಡಿದು ಬೆಣೆಯಂತೆ ಒಳನುಗ್ಗುತ್ತದೆ, ಹೊಳೆಯ ನೀರು ಅದರ ಮೇಲೆ ಹಾಸಿಕೊಂಡು ಹೊರಕ್ಕೆ ಹರಿಯುತ್ತದೆ. ದೋಣಿಯಲ್ಲಿ ಕುಳಿತವನಿಗೆ ಹೊಳೆ ಸಮುದ್ರಕ್ಕೆ ಹೋಗುತ್ತಿರುವಂತೆ ಕಾಣುತ್ತದೆ. ಅದೇ ಹೊತ್ತಿಗೆ ಎರಡಾಳು ಕೆಳಗೆ ಸಮುದ್ರ ಊರಿನತ್ತ ಬರುತ್ತಿರುತ್ತದೆ. ಮೇಲುನೀರನ್ನು ಮಾತ್ರ ಮೊಗೆದು ರುಚಿ ನೋಡಿದವರು ಮೋಸಹೋಗುವುದು ಇಲ್ಲೇ.

ಈ ಎರಡು ಪದರಗಳನ್ನು ಕಲಕುವುದು ಭರತ ಮತ್ತು ಇಳಿತ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಎಂಟು-ಹತ್ತು ಮೀಟರ್ ಏರಿಳಿಯುವುದಕ್ಕೆ ಹೋಲಿಸಿದರೆ ಇಲ್ಲಿನದು ಸಣ್ಣ ಉಸಿರಾಟ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ನೀರಿಗೆ ಬಲ ಜಾಸ್ತಿ, ಅಷ್ಟಮಿ-ನವಮಿಯ ದಿನಗಳಲ್ಲಿ ಸೋಮಾರಿತನ. ಭರತದ ಬಲ ಹೆಚ್ಚಿದ್ದು ಹೊಳೆಯ ಬಲ ಕಡಿಮೆಯಿದ್ದರೆ ಪದರಗಳು ಕದಡಿ ಒಂದಾಗುತ್ತವೆ, ಉಪ್ಪು ತಳದಿಂದ ಮೇಲಿನವರೆಗೆ ಸಮನಾಗಿ ಹರಡುತ್ತದೆ. ಹೊಳೆಯ ಬಲ ಹೆಚ್ಚಾದರೆ ಪದರ ಉಳಿಯುತ್ತದೆ. ಹೊಳೆ ಇನ್ನೂ ಜೋರಾದರೆ ಬೆಣೆಯೇ ಅಳಿವೆಯ ಬಾಗಿಲಿನಾಚೆ ದೂಡಲ್ಪಡುತ್ತದೆ. ಕಡಲಿನ ನೂಕು ಹದಿನೈದು ದಿನಕ್ಕೊಮ್ಮೆ ಏರಿಳಿದರೂ ವರ್ಷದ ಲೆಕ್ಕದಲ್ಲಿ ಬಹುಮಟ್ಟಿಗೆ ಒಂದೇ. ಹಾಗಾಗಿ ಹೊಳೆ ಎಷ್ಟು ಉಪ್ಪಾಗಬೇಕೆಂದು ಕೊನೆಗೆ ಹೇಳುವುದು ಮೇಲಿನಿಂದ ಬರುವ ಸಿಹಿನೀರು.

ಆ ಸಿಹಿನೀರು ಎಲ್ಲಿಯದು? ಜೂನಿನಿಂದ ಸೆಪ್ಟೆಂಬರಿನವರೆಗೆ ಉತ್ತರ ಸುಲಭ: ಮಳೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರುವ ಈ ಸೀಮೆಯ ಮಳೆಯ ಬಹುಪಾಲು ಆ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಡಿಸೆಂಬರಿನಿಂದ ಮೇವರೆಗೆ ಮಳೆ ಅಪರೂಪ. ಆದರೂ ಅಘನಾಶಿನಿ ಹರಿಯುತ್ತಲೇ ಇರುತ್ತದೆ. ಆ ಆರು ತಿಂಗಳು ಅದರಲ್ಲಿ ಹರಿಯುವುದು ಬಹುಪಾಲು ಒರತೆಯ ನೀರು. ಶಿರಸಿಯ ಶಂಕರ ಹೊಂಡದಿಂದ ಹಿಡಿದು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಕುಮಟಾದ ಬಯಲಿಗೆ ಬರುವವರೆಗೆ ಸಾವಿರಾರು ಸಣ್ಣ ಒರತೆಗಳು ಅದಕ್ಕೆ ಕೂಡುತ್ತವೆ. ಜಂಬಿಟ್ಟಿಗೆಯ ಗುಡ್ಡಗಳು ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯುದ್ದಕ್ಕೂ ಬುಡದಲ್ಲಿ ಒಸರುತ್ತವೆ. ಕಣಿವೆಯ ರಾಮಪತ್ರೆ ಜಡ್ಡಿಗಳಲ್ಲಿ ವರ್ಷವಿಡೀ ಕಾಲು ಹೂತುಹೋಗುವಷ್ಟು ಕೆಸರು. ಇದೇ ವಿಜ್ಞಾನ ಸಂಸ್ಥೆಯ ತಂಡ ಘಟ್ಟದ ತೊರೆಗಳನ್ನು ಹೋಲಿಸಿ ಕಂಡದ್ದಿಷ್ಟು: ಜಲಾನಯನದಲ್ಲಿ ನೂರಕ್ಕೆ ಅರವತ್ತು ಪಾಲಿಗಿಂತ ಹೆಚ್ಚು ಸಹಜ ಕಾಡು ಉಳಿದಿದ್ದರೆ ತೊರೆ ಹನ್ನೆರಡೂ ತಿಂಗಳು ಹರಿಯುತ್ತದೆ, ಕಾಡು ತೆಗೆದು ಅಕೇಶಿಯದಂಥ ನೆಡುತೋಪು ಮಾಡಿದಲ್ಲಿ ಬೇಸಿಗೆಗೆ ಮುಂಚೆಯೇ ಬತ್ತುತ್ತದೆ.

ಒರತೆಯ ಹರಿವು ಸಣ್ಣದು. ಅದು ಕಡಲನ್ನು ಹೊರದೂಡಲಾರದು, ಮಿತಿಯಲ್ಲಿಡುವುದಷ್ಟೇ ಅದರ ಕೆಲಸ. ಹೀಗಾಗಿ ಅಘನಾಶಿನಿಯಲ್ಲಿ ಸಂಕ್ರಾಂತಿ ಕಳೆದ ಮೇಲೆ ಉಪ್ಪು ಮೆಲ್ಲಗೆ ಒಳನಾಡಿಗೆ ಏರತೊಡಗುತ್ತದೆ, ಏಪ್ರಿಲ್-ಮೇ ಹೊತ್ತಿಗೆ ಅಳಿವೆಯ ಕೆಳಭಾಗ ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪಾಗುತ್ತದೆ. ಇದಕ್ಕೆ ಯಂತ್ರದ ಸಾಕ್ಷಿ ಬೇಡ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಇದೇ ಅಳಿವೆಯ ನೀರನ್ನು ಬಯಲಿಗೆ ಬಿಟ್ಟು, ಬಿಸಿಲಿಗೆ ಕಾಯಿಸಿ, ತಲೆಮಾರುಗಳಿಂದ ಉಪ್ಪು ತೆಗೆಯುತ್ತಿದ್ದಾರೆ. ನೀರು ಸಪ್ಪೆಯಾಗಿದ್ದರೆ ಆ ಕಸುಬು ಇರುತ್ತಲೇ ಇರಲಿಲ್ಲ.

ಮಳೆ ಹಿಡಿದ ಕೂಡಲೇ ಚಿತ್ರ ತಿರುವುಮುರುವು. ಅಳಿವೆಯಂಚಿನ ಗಜನಿ ಗದ್ದೆಗಳಿಂದ ಮಳೆಯ ನೀರು ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ, ಮಾಣಿಕಟ್ಟಾದಂಥ ಹಳ್ಳಿಗಳಲ್ಲಿ ಕಗ್ಗ ಭತ್ತದ ಬಿತ್ತನೆಯಾಗುತ್ತದೆ. ಕಗ್ಗ ಉಪ್ಪು ತಡೆಯುತ್ತದೆ, ನೆರೆಯಲ್ಲಿ ಮುಳುಗಿ ಕೆಲವು ದಿನ ಕಳೆದರೂ ಸಾಯುವುದಿಲ್ಲ. ಹಾಗೆಂದು ಬೇಸಿಗೆಯ ಕಡುಉಪ್ಪಿನಲ್ಲಿ ಮೊಳೆಯುವ ಭತ್ತವಲ್ಲ ಅದು. ಅದಕ್ಕೆ ಮೊದಲ ಮಳೆಯ ಸಿಹಿನೀರು ಬೇಕೇ ಬೇಕು. ಕೊಯ್ಲಾದ ಮೇಲೆ ತೂಬು ತೆರೆದು ಭರತದ ನೀರನ್ನು ಒಳಬಿಟ್ಟರೆ ಅದೇ ಗದ್ದೆ ಸಿಗಡಿ, ಮೀನು, ಏಡಿಗಳ ಮನೆ. ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು. ಎರಡೂ ಸಾಧ್ಯವಾಗುವುದು ಉಪ್ಪು ಸಮಯಕ್ಕೆ ಸರಿಯಾಗಿ ಹೋಗಿ ಸಮಯಕ್ಕೆ ಸರಿಯಾಗಿ ಮರಳುವುದರಿಂದ. ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಒಡ್ಡು ಕಟ್ಟಿ ಉಪ್ಪನ್ನು ಶಾಶ್ವತವಾಗಿ ಹೊರಗಿಡಬೇಕೆಂದು ಹೊರಟ ಇಂಜಿನಿಯರುಗಳಿಗೆ ಈ ಲಯ ಕಂಡಿರಲಿಲ್ಲ ಅನ್ನಿಸುತ್ತದೆ.

ಬಳಚಿನ ಕಥೆ ಇನ್ನೂ ಸೂಕ್ಷ್ಮ. ದಕ್ಷಿಣ ಕನ್ನಡ, ಉಡುಪಿಯವರು ಮರುವಾಯಿ ಎನ್ನುವ ಈ ಚಿಪ್ಪಿನ ಜೀವಿ ಅಳಿವೆಯ ಮರಳು-ಕೆಸರಿನಲ್ಲಿ ಹೂತುಕೊಂಡು ನೀರು ಸೋಸಿ ತಿನ್ನುತ್ತದೆ. ಎದ್ದು ಓಡಲಾರದು. ಉಪ್ಪು ಸರಿಬರದಿದ್ದರೆ ಮೀನು ಜಾಗ ಬದಲಿಸುತ್ತದೆ. ಬಳಚು ಇದ್ದಲ್ಲೇ ಅನುಭವಿಸಬೇಕು. ನಮ್ಮ ದೇಹದ ಹಾಗೆ ತನ್ನ ರಕ್ತದ ಉಪ್ಪನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ಏರ್ಪಾಡು ಅದಕ್ಕಿಲ್ಲ. ಹೊರಗಿನ ನೀರು ಎಷ್ಟು ಉಪ್ಪೋ ಒಳಗಿನ ದ್ರವವೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಹೊರಗೆ ಏಕಾಏಕಿ ಸಿಹಿಯಾದರೆ ನೀರು ಜೀವಕೋಶಗಳೊಳಗೆ ನುಗ್ಗಿ ಅವು ಉಬ್ಬುತ್ತವೆ. ಬಳಚಿಗೆ ಗೊತ್ತಿರುವ ಉಪಾಯ ಒಂದೇ: ಚಿಪ್ಪು ಬಿಗಿಯಾಗಿ ಮುಚ್ಚಿ ಕೂರುವುದು. ಮುಚ್ಚಿದಷ್ಟು ಹೊತ್ತು ಉಸಿರೂ ಇಲ್ಲ, ಊಟವೂ ಇಲ್ಲ. ಒಂದು ಇಳಿತದ ಮಟ್ಟಿಗೆ, ಒಂದು ಜಡಿಮಳೆಯ ಮಟ್ಟಿಗೆ ಅದು ತಡೆಯುತ್ತದೆ. ವಾರಗಟ್ಟಲೆ ತಡೆಯಲಾರದು.

ಬೆಳೆದ ಬಳಚು ಹೇಗೋ ಬದುಕಿತು ಅಂದುಕೊಳ್ಳಿ. ಅದರ ಮರಿಗಳ ಪಾಡು ಬೇರೆ. ಮೊಟ್ಟೆಯೊಡೆದ ಮರಿ ಮೊದಲ ದಿನಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಆ ಹೊತ್ತಿನಲ್ಲಿ ಉಪ್ಪು ತನ್ನ ಜಾತಿಗೆ ತಕ್ಕಷ್ಟು ಇರಬೇಕು, ನಿಲ್ಲಲು ತಕ್ಕ ನೆಲ ಸಿಗಬೇಕು, ಮತ್ತು ಹೊಳೆಯ ಸೆಳವು ಅದನ್ನು ಅಳಿವೆಯಿಂದಾಚೆ ಕಡಲಿಗೆ ಎಸೆಯಬಾರದು. ಮಳೆ ನಿಂತ ಮೇಲೆ ಹರಿವು ತಗ್ಗಿ ಉಪ್ಪು ಏರುವ ತಿಂಗಳುಗಳಿಗೂ ಅನೇಕ ಬಳಚುಗಳು ಸಂತಾನಕ್ಕೆ ತೊಡಗುವುದಕ್ಕೂ ನಂಟಿರುವುದು ಇದಕ್ಕೇ. ಎಲ್ಲ ಜಾತಿಗೂ ಒಂದೇ ಹದವಲ್ಲ. ಕಪ್ಪು ಚಿಪ್ಪಿನ ವಿಲ್ಲೊರಿಟಾ ತೆಳು ಉಪ್ಪಿನ ಮೇಲ್ಭಾಗದಲ್ಲಿ ಸುಖವಾಗಿರುತ್ತದೆ. ಪಾಫಿಯಾಗೆ ಕಡಲ ಹತ್ತಿರದ ಗಟ್ಟಿ ಉಪ್ಪೇ ಆಗಬೇಕು. ಮೆರೆಟ್ರಿಕ್ಸ್ ಇವೆರಡರ ನಡುವಿನದು. ಹೊಳೆಯ ಉದ್ದಕ್ಕೂ ಯಾವ ಬಳಚು ಎಲ್ಲಿ ಸಿಗುತ್ತದೆಂದು ಹೆಕ್ಕುವ ಹೆಂಗಸರಿಗೆ ಗೊತ್ತು; ಆ ಅರಿವು ಮೂಲತಃ ಉಪ್ಪಿನ ನಕ್ಷೆಯೇ.

ಅಘನಾಶಿನಿಯಲ್ಲಿ ಈ ನಕ್ಷೆ ಇನ್ನೂ ಪೂರ್ತಿಯಾಗಿದೆ. ವಿಜ್ಞಾನ ಸಂಸ್ಥೆಯ ತಂಡದ ಒಂದು ಅಂದಾಜಿನಂತೆ ಅಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ ಸಿಗುತ್ತಿತ್ತು, ನೇರವಾಗಿ ಇದನ್ನೇ ನೆಚ್ಚಿದವರು 2,300ಕ್ಕೂ ಹೆಚ್ಚು ಮಂದಿ. ಇಳಿತದ ಹೊತ್ತಿಗೆ ಕೆಸರಿಗಿಳಿದು ಕೈಯಿಂದ ಹೆಕ್ಕುವ ಕೆಲಸಕ್ಕೆ ದೋಣಿ, ಬಲೆ, ಸಾಲ ಯಾವುದೂ ಕಡ್ಡಾಯವಲ್ಲ. ಬಡವರ ಮನೆಯ ಊಟದಲ್ಲಿ ಮಾಂಸಸತ್ವ ಬರುವುದು ಇಲ್ಲಿಂದ. ಸುಮಾರು 4,800 ಹೆಕ್ಟೇರಿನ ಈ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ಮಾನ್ಯತೆ ಸಿಕ್ಕಿತು.

ಶರಾವತಿಗೆ ಬನ್ನಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಜಿಗಿದು, ಗೇರುಸೊಪ್ಪೆಯ ಬಳಿ ಬಯಲಿಗೆ ಬರುವ ಈ ಹೊಳೆಯೂ ಒಂದು ಕಾಲಕ್ಕೆ ಅಘನಾಶಿನಿಯ ಹಾಗೇ ಬೇಸಿಗೆಗೆ ತೆಳ್ಳಗಾಗುತ್ತಿತ್ತು. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆಗೂ ಹೊನ್ನಾವರದ ಬಂದರಿಗೂ ನಡುವೆ ಸುಮಾರು 30 ಕಿಲೋಮೀಟರ್. ಕಡಲ ಉಸಿರು ಆ ದಾರಿಯುದ್ದಕ್ಕೂ ಒಳಬರುತ್ತಿತ್ತು.

ಲಿಂಗನಮಕ್ಕಿಯಲ್ಲಿ ಹಿಡಿಸುವ ನೀರು 151 ಟಿಎಂಸಿ ಅಡಿಗಿಂತ ಹೆಚ್ಚು. ಆ ತುಂಬಿದ ಕಟ್ಟೆಯನ್ನು ಅಕ್ಟೋಬರಿನಿಂದ ಮೇವರೆಗೆ ಸಮನಾಗಿ ಹಂಚಿ ಬಿಟ್ಟರೆ ಸೆಕೆಂಡಿಗೆ ಎರಡು ಲಕ್ಷ ಲೀಟರ್ ಆಗುತ್ತದೆ. ಅಷ್ಟೂ ನೀರನ್ನು ಅಷ್ಟೇ ಅವಧಿಯಲ್ಲಿ ಖಾಲಿ ಮಾಡುವುದಿಲ್ಲ, ಮುಂದಿನ ಮಳೆ ಕೈಕೊಟ್ಟೀತೆಂದು ಉಳಿಸಿಕೊಳ್ಳುತ್ತಾರೆ. ಅರ್ಧವೆಂದರೂ ಸೆಕೆಂಡಿಗೆ ಒಂದು ಲಕ್ಷ ಲೀಟರ್. ಒರತೆಯ ನೀರಷ್ಟೇ ಇರಬೇಕಾದ ತಿಂಗಳಲ್ಲಿ ಹೊಳೆಗೆ ಸಿಗುವ ಹರಿವಿದು. 1964ರಿಂದ 1977ರೊಳಗೆ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ಒಂದೊಂದಾಗಿ ತಿರುಗತೊಡಗಿದವು. ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಈ ಶತಮಾನದ ಆರಂಭದಲ್ಲಿ ಅದರ ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೊಂದು ಅಣೆ, 240 ಮೆಗಾವಾಟಿನ ಮತ್ತೊಂದು ವಿದ್ಯುದಾಗಾರ. ಈಗ ಅಳಿವೆಗೆ ನೀರು ಬರುವುದು ಋತುವಿನ ಲೆಕ್ಕದಲ್ಲಲ್ಲ, ರಾಜ್ಯದ ವಿದ್ಯುತ್ ಬೇಡಿಕೆಯ ಲೆಕ್ಕದಲ್ಲಿ. ಬೇಡಿಕೆಯೋ, ನಿಮಗೆ ಗೊತ್ತೇ ಇದೆ, ಫ್ಯಾನು ತಿರುಗುವ, ಪಂಪು ಓಡುವ, ಪರೀಕ್ಷೆ ನಡೆಯುವ ಬೇಸಿಗೆಯಲ್ಲೇ ಗರಿಷ್ಠ. ಹೊಳೆ ಅತಿ ಉಪ್ಪಾಗಬೇಕಾದ ತಿಂಗಳಲ್ಲೇ ಅದಕ್ಕೆ ಸಿಹಿನೀರಿನ ನೆರೆ.

ಪರಿಣಾಮ ಊಹಿಸಬಹುದಾದದ್ದೇ. ಶರಾವತಿಯ ಅಳಿವೆಯಲ್ಲಿ ಬೇಸಿಗೆಯ ಉಪ್ಪು ಅಘನಾಶಿನಿಯಷ್ಟು ಏರುವುದಿಲ್ಲ, ಏರಿದರೂ ಬಾಗಿಲಿನ ಹತ್ತಿರದ ತುಣುಕಿಗೆ ಸೀಮಿತ. ಅಲ್ಲಿ ಹಿಂದೆ ಹೇರಳವಾಗಿದ್ದ ಬಳಚಿನ ಕಸುಬು ಕುಸಿದದ್ದನ್ನು ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿ, ಅದಕ್ಕೆ ಜಲವಿದ್ಯುತ್ ಯೋಜನೆಗಳ ಸಿಹಿನೀರೇ ಮುಖ್ಯ ಕಾರಣವೆಂದು ಬೆರಳು ತೋರಿದರು. ನಾಲ್ಕು ಹೊಳೆಗಳ ಮೀನಿನ ಬಗೆಗಳನ್ನು ಎಣಿಸಿದಾಗಲೂ ಅಣೆಕಟ್ಟಿಲ್ಲದ ಅಘನಾಶಿನಿ ಮುಂದೆ, ಶರಾವತಿ ಹಿಂದೆ. ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಪಂಗಡವೂ ಉಪ್ಪಿನ ಹದಕ್ಕೆ ತಕ್ಕಂತೆ ಬದಲಾಗುತ್ತದೆ.

ತಕರಾರಿಗೆ ಜಾಗವಿಲ್ಲವೆಂದಲ್ಲ. ಎರಡು ಹೊಳೆಗಳು ಎಂದೂ ಅವಳಿಗಳಲ್ಲ. ಅಳಿವೆಯ ಬಾಗಿಲಿನ ಅಗಲ, ಆಳ, ಮರಳಿನ ದಿಬ್ಬ ಬೇರೆಬೇರೆ. ಮರಳು ತೆಗೆಯುವವರು ಬಳಚಿನ ಹಾಸಿಗೆಯನ್ನೇ ಎತ್ತಿಕೊಂಡು ಹೋಗುತ್ತಾರೆ, ಹೆಕ್ಕುವವರು ಮಿತಿಮೀರಿ ಹೆಕ್ಕುವುದೂ ಉಂಟು. ಅಣೆಕಟ್ಟು ನೀರಿನ ಜೊತೆ ಬರುತ್ತಿದ್ದ ಹೂಳನ್ನೂ ತಡೆಯುತ್ತದೆ. ಆದರೆ ಮರಳು ತೆಗೆಯುವುದಾಗಲಿ, ಅತಿ ಹೆಕ್ಕುವಿಕೆಯಾಗಲಿ ಉಪ್ಪು ಬೇಡುವ ಜಾತಿ, ಬೇಡದ ಜಾತಿ ಎಂದು ಆಯ್ದು ಹೊಡೆಯುವುದಿಲ್ಲ. ಉಪ್ಪು ಇಳಿದರೆ ಮಾತ್ರ ಹಾಗೆ ಆಯ್ಕೆಯಾಗುತ್ತದೆ. ನನ್ನ ಮಟ್ಟಿಗೆ ಈ ವಾದವೇ ಗಟ್ಟಿ.

ಸಿಹಿನೀರಿನಿಂದ ಜೀವಹಾನಿ ಎಂಬುದು ವಿಚಿತ್ರವಾಗಿ ಕೇಳಿಸಿದರೆ ಅಮೆರಿಕದ ಮಿಸಿಸಿಪ್ಪಿಯನ್ನು ನೋಡಿ. 2019ರಲ್ಲಿ ಆ ನದಿಯ ನೆರೆ ನ್ಯೂ ಆರ್ಲಿಯನ್ಸ್ ನಗರಕ್ಕೆ ನುಗ್ಗದಿರಲೆಂದು ಬಾನೆ ಕ್ಯಾರೆ ಎಂಬ ಕೋಡಿಯನ್ನು ಒಂದೇ ವರ್ಷದಲ್ಲಿ ಎರಡು ಸಲ ತೆರೆದರು. ಎಲ್ಲ ಸೇರಿ ನಾಲ್ಕು ತಿಂಗಳು ನದಿಯ ನೀರು ಪಕ್ಕದ ಕಡಲಕೊಲ್ಲಿಗೆ ಹರಿಯಿತು. ನಗರ ಉಳಿಯಿತು, ಮಿಸಿಸಿಪ್ಪಿ ರಾಜ್ಯದ ಸಿಂಪಿ ಹಾಸುಗಳು ಬಹುಪಾಲು ಸತ್ತವು, ಕೇಂದ್ರ ಸರ್ಕಾರ ಮೀನುಗಾರಿಕೆಯ ವಿಪತ್ತೆಂದು ಘೋಷಿಸಬೇಕಾಯಿತು. ಅಲ್ಲಿ ಅದು ಒಂದು ವರ್ಷದ ಆಘಾತ. ಶರಾವತಿಯಲ್ಲಿ ಅದೇ ಕೆಲಸ ಪ್ರತಿ ಬೇಸಿಗೆಯೂ ಸದ್ದಿಲ್ಲದೆ ನಡೆಯುತ್ತದೆ, ಆದ್ದರಿಂದ ಯಾರಿಗೂ ವಿಪತ್ತೆಂದು ಕಾಣುವುದಿಲ್ಲ.

ಇದರ ಉಲ್ಟಾ ರೋಗವೂ ನಮ್ಮಲ್ಲೇ ಇದೆ. ಕೊಡಗಿನ ಕಡೆಯಿಂದ ಸುಳ್ಯದ ಮೂಲಕ ಕಾಸರಗೋಡಿಗೆ ಇಳಿಯುವ ಪಯಸ್ವಿನಿಯ ನೀರನ್ನು ಬಾವಿಕ್ಕರೆಯಲ್ಲಿ ಎತ್ತಿ ಕಾಸರಗೋಡು ಪಟ್ಟಣಕ್ಕೆ ಕೊಡುತ್ತಾರೆ. ಬೇಸಿಗೆಗೆ ಹೊಳೆ ಸೊರಗಿದಾಗ ಕಡಲು ಅಲ್ಲಿಯವರೆಗೂ ಏರಿ ಬಂದು, ವರ್ಷಗಟ್ಟಲೆ ಪಟ್ಟಣದ ನಲ್ಲಿಯಲ್ಲಿ ಉಪ್ಪುನೀರು ಬರುತ್ತಿತ್ತು. ಪ್ರತಿವರ್ಷ ಮರಳಿನ ಚೀಲದ ತಾತ್ಕಾಲಿಕ ಒಡ್ಡು ಹಾಕಿ, ಕೊನೆಗೆ ಶಾಶ್ವತ ಅಣೆಯನ್ನೇ ಕಟ್ಟಿದರು. ಅದೇ ಸೀಮೆಯ ಗುಡ್ಡಗಳಲ್ಲಿ ಜಂಬಿಟ್ಟಿಗೆಯೊಳಗೆ ಅಡ್ಡಕ್ಕೆ ಸುರಂಗ ಕೊರೆದು ಒರತೆ ಹಿಡಿಯುವ ವಿದ್ಯೆ ಶತಮಾನಗಳದ್ದು. ಗುಡ್ಡ ನೀರು ಕುಡಿಯುವುದು ಕಡಿಮೆಯಾಗಿ ಕೊಳವೆಬಾವಿಗಳು ಹೆಚ್ಚಿದಷ್ಟೂ ಒರತೆ ಸೊರಗುತ್ತದೆ, ಒರತೆ ಸೊರಗಿದಷ್ಟು ಕಡಲು ಮೇಲೇರುತ್ತದೆ. ಮಂಗಳೂರಿನ ನೇತ್ರಾವತಿಯಲ್ಲೂ ತುಂಬೆಯ ಕಿಂಡಿ ಅಣೆಕಟ್ಟಿನ ಕೆಳಗೆ ಹರೇಕಳ–ಅಡ್ಯಾರ್ ನಡುವೆ ಇನ್ನೊಂದು ಕಿಂಡಿ ಅಣೆಕಟ್ಟು ಬಂದದ್ದು ಉಪ್ಪುನೀರನ್ನು ತಡೆಯಲೆಂದೇ. ಹೊಳೆಯ ದಡದ ಬಾವಿಗಳ ವಿಷಯದಲ್ಲಂತೂ ಲೆಕ್ಕ ಇನ್ನೂ ನಿರ್ದಯ: ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಮೀಟರ್ ಸಿಹಿನೀರಿರುತ್ತದೆ. ಮೇಲೆ ಒಂದು ಅಡಿ ಎಳೆದುಕೊಂಡರೆ ಕೆಳಗಿನಿಂದ ನಲವತ್ತು ಅಡಿ ಉಪ್ಪು ಎದ್ದು ಬರುತ್ತದೆ.

ಕುಡಿಯುವ ನೀರಿಗೆ ಉಪ್ಪು ಶತ್ರು, ಬಳಚಿಗೆ ಉಪ್ಪು ಜೀವ. ಎರಡನ್ನೂ ಒಂದೇ ಹೊಳೆಯಲ್ಲಿ ಸಂಭಾಳಿಸಲು ಸಾಧ್ಯವೇ? ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ 1990ರ ದಶಕದಿಂದ ಒಂದು ನಿಯಮವಿದೆ. ತಳದ ನೀರಿನಲ್ಲಿ ಉಪ್ಪು ಸಾವಿರಕ್ಕೆ ಎರಡು ಇರುವ ಜಾಗ ಕೊಲ್ಲಿಯ ಬಾಗಿಲಿನಿಂದ ಎಷ್ಟು ಕಿಲೋಮೀಟರ್ ಒಳಗಿದೆ ಎಂದು ಅಳೆಯುತ್ತಾರೆ. ಫೆಬ್ರವರಿಯಿಂದ ಜೂನ್‌ವರೆಗೆ ಆ ಗೆರೆ ಗೊತ್ತುಮಾಡಿದ ಮಿತಿಗಿಂತ ಒಳಗೆ ಸರಿಯದಂತೆ ಮೇಲಿನ ಅಣೆಕಟ್ಟುಗಳಿಂದ ನೀರು ಬಿಡಬೇಕು. ಅಲ್ಲಿನ ರೈತರಿಗೂ ಮೀನಿನ ಪರ ವಾದಿಸುವವರಿಗೂ ಈ ಗೆರೆಯ ಮೇಲೆ ಇಂದಿಗೂ ಜಗಳ. ಜಗಳವಾದರೂ ಒಂದು ಅಂಕಿಯ ಮೇಲೆ ನಡೆಯುತ್ತದೆ. ನಮ್ಮ ಅಳಿವೆಗಳಿಗೆ ಅಂಥ ಗೆರೆಯೇ ಇಲ್ಲ.

ನಮ್ಮಲ್ಲಿ ನಡೆಯುವ ಚರ್ಚೆಯೇ ಬೇರೆ. ಪಶ್ಚಿಮಕ್ಕೆ ಹರಿಯುವ ನೀರು ಸಮುದ್ರ ಸೇರಿ ವ್ಯರ್ಥವಾಗುತ್ತದೆ ಎಂಬ ಮಾತನ್ನು ವಿಧಾನಸೌಧದಲ್ಲೂ ಕೇಳುತ್ತೇವೆ, ಪೇಟೆಯ ಕಟ್ಟೆಗಳಲ್ಲೂ ಕೇಳುತ್ತೇವೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ತರುವ ಪ್ರಸ್ತಾಪ ಎದ್ದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಬೇಡ್ತಿ (ಗಂಗಾವಳಿ)–ವರದಾ, ಅಘನಾಶಿನಿ–ವೇದಾವತಿ ನದಿಜೋಡಣೆಯ ಮಾತು ಮತ್ತೆಮತ್ತೆ ಬರುತ್ತದೆ. ಮಳೆಗಾಲದ ನೆರೆ ಅಳಿವೆಯಿಂದ ಉಪ್ಪನ್ನು ಗುಡಿಸಿ, ಹೂಳು ತಂದು, ಕಗ್ಗದ ಗದ್ದೆ ತೊಳೆಯುತ್ತದೆ. ಬೇಸಿಗೆಯ ಒರತೆ ಕಡಲಿಗೆ ಮಿತಿ ಹಾಕುತ್ತದೆ. ಈ ಎರಡರಲ್ಲಿ ವ್ಯರ್ಥ ಯಾವುದೆಂದು ಯೋಜನೆ ಬರೆಯುವವರು ಮೊದಲು ಹೇಳಲಿ. ಶರಾವತಿಯಲ್ಲಿ ಸಿಹಿನೀರು ಹೊತ್ತಲ್ಲದ ಹೊತ್ತಿನಲ್ಲಿ ಹೆಚ್ಚಾಗಿ ಕೆಡುಕಾಯಿತು. ಅಘನಾಶಿನಿಯಿಂದ ತಿರುಗಿಸಿಕೊಂಡು ಹೋದರೆ ಹೊತ್ತಿಗೆ ಸರಿಯಾಗಿ ಸಿಗದೆ ಕೆಡುಕಾಗುತ್ತದೆ. ಎರಡೂ ಒಂದೇ ತಪ್ಪಿನ ಎರಡು ರೂಪ.

ಈಗ ಶರಾವತಿಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ವಿವಾದ ಕಾವೇರಿದೆ. ತಳಕಳಲೆಯಿಂದ ಗೇರುಸೊಪ್ಪೆಗೆ ನೀರು ಬಿಟ್ಟು ವಿದ್ಯುತ್ ತೆಗೆಯುವುದು, ವಿದ್ಯುತ್ ಅಗ್ಗವಿದ್ದಾಗ ಅದೇ ನೀರನ್ನು ಮೇಲಕ್ಕೆತ್ತುವುದು ಅದರ ಕ್ರಮ. ಕಾಡಿನ ನಷ್ಟ, ಸಿಂಗಳೀಕದ ನೆಲೆ, ಭೂಕುಸಿತಗಳ ಬಗ್ಗೆ ಧಾರಾಳವಾಗಿ ಚರ್ಚೆ ನಡೆದಿದೆ, ನಡೆಯಲೇಬೇಕು. ಗೇರುಸೊಪ್ಪೆಯ ಕಟ್ಟೆಯ ನೀರು ದಿನಕ್ಕೊಮ್ಮೆ ಏರಿಳಿಯತೊಡಗಿದರೆ ಅದರ ಕೆಳಗಿನ ಅಳಿವೆಗೆ ಯಾವ ಗಂಟೆಗೆ, ಯಾವ ತಿಂಗಳಿಗೆ ಎಷ್ಟು ಸಿಹಿನೀರು ಬರುತ್ತದೆ ಎಂಬ ಪ್ರಶ್ನೆ ಮಾತ್ರ ಸಭೆಗಳಲ್ಲಿ ಅಪರೂಪ.

ಕೇಳಬೇಕಾದದ್ದು ದುಬಾರಿಯದೇನಲ್ಲ. ಹೊನ್ನಾವರದ ಸೇತುವೆಯ ಬುಡದಲ್ಲಿ, ಅಲ್ಲಿಂದ ಮೇಲಕ್ಕೆ ಇನ್ನೆರಡು ಕಡೆ, ತಳದಲ್ಲೂ ಮೇಲೂ ಉಪ್ಪು ಅಳೆಯುವ ಉಪಕರಣ ಇಡಬೇಕು. ಕಾರವಾರದಲ್ಲಿ ಸಾಗರ ಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ನೋಡಿಕೊಳ್ಳುವ ಕೈಗಳಿಗೆ ಬರವಿಲ್ಲ. ಗೇರುಸೊಪ್ಪೆಯಿಂದ ದಿನಕ್ಕೆಷ್ಟು ನೀರು ಬಿಟ್ಟರೆಂಬ ಅಂಕಿಯನ್ನು ಅದರ ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ಹಾಕಬೇಕು. ಮಳೆ ನಿಂತ ಮೇಲೆ ಬಳಚಿನ ಮರಿ ನೆಲೆಯೂರುವ ವಾರಗಳಲ್ಲಿ, ಬೇಸಿಗೆಯ ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಭರತದ ದಿನಗಳಲ್ಲಿ ಹರಿವು ತಗ್ಗಿಸಿ, ಕಡಲಿಗೆ ಒಳಬರಲು ದಾರಿ ಬಿಟ್ಟರೆ ಏನಾಗುತ್ತದೆಂದು ಎರಡು ಬೇಸಿಗೆ ಪರೀಕ್ಷಿಸಿ ನೋಡಬೇಕು. ಆ ದಿನಗಳ ಕರೆಂಟಿನ ಕೊರತೆಯನ್ನು ತುಂಬಲು ಹಗಲು ಹೊತ್ತಿನ ಸೌರವಿದ್ಯುತ್ತು ಈಗ ರಾಜ್ಯದಲ್ಲಿ ಬೇಕಾದಷ್ಟಿದೆ. ನಿಮ್ಮ ಶಾಸಕರಿಗೋ ವಿದ್ಯುತ್ ನಿಗಮಕ್ಕೋ ಪತ್ರ ಬರೆಯುವ ಅಭ್ಯಾಸವಿದ್ದರೆ ಈ ಮೂರು ಬೇಡಿಕೆಗಳನ್ನು ಅದರಲ್ಲಿ ಸೇರಿಸಿ.